ಗ್ರಹ ಸಿಗಲ್ಲ, ನಕ್ಷತ್ರ ಸಿಗತ್ತೆ: ಸ್ಟಾರ್ ಅನಲೈಸರ್ 100

ಮೊದಲೇ ಹೇಳಿಬಿಡುತ್ತೇನೆ. ಇದನ್ನು ಕೊಂಡು ತಾರಸಿ ಮೇಲೆ ನಿಂತರೆ ಹೊಸ ಗ್ರಹ ಯಾವುದೂ ಸಿಗುವುದಿಲ್ಲ. ಹಾಗಂತ ದುಡ್ಡು ದಂಡ ಅಂತಲೂ ನಾನು ಹೇಳುವುದಿಲ್ಲ. ಬೇರೆ ನಕ್ಷತ್ರಗಳ ಸುತ್ತ ಗ್ರಹ ಹುಡುಕುವವರು ಗ್ರಹದ ಮಾತೆತ್ತುವ ಮುಂಚೆ ನಕ್ಷತ್ರವನ್ನು ಯಾಕೆ ಅಷ್ಟೊಂದು ಜಾಲಾಡುತ್ತಾರೆ ಅನ್ನುವುದು ಎಷ್ಟು ಓದಿದರೂ ನನಗೆ ಸರಿಯಾಗಿ ತಲೆಗೆ ಹತ್ತಿರಲಿಲ್ಲ. ಈ ಪುಟ್ಟ ಗಾಜಿನ ಬಿಲ್ಲೆ ಹತ್ತಿಸಿತು. ಅರ್ಧ ತನ್ನ ಕೈಲಾಗುವುದನ್ನು ತೋರಿಸಿ, ಇನ್ನರ್ಧ ಕೈಲಾಗದ್ದನ್ನು ತೋರಿಸಿ.

ನಾನು ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುವವಳು. ಮನೆ ವಿಜಯನಗರದಲ್ಲಿ, ಬಾಡಿಗೆಗೆ. ತಾರಸಿಯ ಮೇಲೆ ಎರಡು ನೀರಿನ ಟ್ಯಾಂಕು, ಬಟ್ಟೆ ಒಣಹಾಕುವ ತಂತಿ, ಒಂದಿಷ್ಟು ತುಳಸಿ ಕುಂಡ. ಟ್ಯಾಂಕಿನ ಮರೆಯಲ್ಲಿ ಪಕ್ಕದ ಅಪಾರ್ಟ್‌ಮೆಂಟಿನ ಫ್ಲಡ್‌ಲೈಟ್ ಕಣ್ಣಿಗೆ ಹೊಡೆಯದ ಒಂದು ಮೂಲೆ ಇದೆ. ನನ್ನ ವೀಕ್ಷಣಾಲಯ ಅಂದರೆ ಆ ಮೂಲೆ. ಟೆಲಿಸ್ಕೋಪ್ 130 ಮಿಲಿಮೀಟರ್ ಕನ್ನಡಿಯದು. ಜೊತೆಗೆ ಗ್ರಹಗಳ ಫೋಟೋ ತೆಗೆಯಲು ಕೊಂಡ ಸಣ್ಣ ಕಪ್ಪು-ಬಿಳುಪು ಕ್ಯಾಮೆರಾ. ಈ ವಿಮರ್ಶೆ ಇಷ್ಟು ಸಾಮಾನು ಇಟ್ಟುಕೊಂಡವರ ಲೆಕ್ಕದ್ದು.

ವಸ್ತು ಏನು ಅಂತ ನೋಡೋಣ. ಸ್ಟಾರ್ ಅನಲೈಸರ್ 100 ಇಂಗ್ಲೆಂಡಿನ ಪೇಟನ್ ಹಾಕ್ಸ್‌ಲಿ ಕಂಪನಿಯದು. ನೋಡಲು ಒಂದೂಕಾಲು ಇಂಚಿನ ಸಾಮಾನ್ಯ ಟೆಲಿಸ್ಕೋಪ್ ಫಿಲ್ಟರ್ ಥರವೇ ಇದೆ. ಸುತ್ತ ಲೋಹದ ಉಂಗುರ, ನಡುವೆ ಗಾಜು. ಗಾಜಿನಲ್ಲಿ ಮಿಲಿಮೀಟರಿಗೆ 100 ಗೆರೆಗಳ ಗ್ರೇಟಿಂಗ್. ಬೆಳಕು ಅದರೊಳಗಿಂದ ಹಾದರೆ ನಕ್ಷತ್ರದ ಚುಕ್ಕೆ ಒಂದು ಕಡೆ, ಅದರ ಬಣ್ಣಗಳ ಪಟ್ಟಿ, ಅಂದರೆ ಸ್ಪೆಕ್ಟ್ರಮ್, ಸ್ವಲ್ಪ ದೂರದಲ್ಲಿ ಬೀಳುತ್ತದೆ. ಮಾಮೂಲಿ ಗ್ರೇಟಿಂಗ್ ಹಾಳೆ ಬೆಳಕನ್ನು ಎಡಕ್ಕೂ ಬಲಕ್ಕೂ ಹಂಚಿಬಿಡುತ್ತದೆ. ಇದರ ಗೆರೆಗಳನ್ನು ಒಂದೇ ಕಡೆಗೆ ವಾಲಿಸಿ ಮಾಡಿರುವುದರಿಂದ ಹೆಚ್ಚಿನ ಬೆಳಕು ಒಂದೇ ಪಟ್ಟಿಗೆ ಹೋಗುತ್ತದೆ. ನಕ್ಷತ್ರದಿಂದ ಬರುವುದೇ ಚಿಟಿಕೆ ಬೆಳಕು, ಅದನ್ನೂ ಹಂಚಿದರೆ ಏನು ಉಳಿಯುತ್ತದೆ? ನೀವು ಕೊಡುವ ದುಡ್ಡು ಮುಖ್ಯವಾಗಿ ಈ ವಾಲುವಿಕೆಗೆ.

ಡಿವಿಡಿ ತುಂಡಿನಲ್ಲಿ ಆಗಲ್ವಾ ಅಂತ ನನ್ನ ವಿದ್ಯಾರ್ಥಿಗಳೇ ಕೇಳಿದ್ದಾರೆ. ಸೂರ್ಯನಿಗೆ ಆಗುತ್ತದೆ, ಬೀದಿದೀಪಕ್ಕೂ ಆಗುತ್ತದೆ. ಡಿವಿಡಿಯಲ್ಲಿ ಮಿಲಿಮೀಟರಿಗೆ ಸುಮಾರು 1,350 ಗೆರೆ, ಅದೂ ಬಾಗಿದ ಗೆರೆ. ನಕ್ಷತ್ರದ ಬೆಳಕನ್ನು ಅಷ್ಟು ಉದ್ದಕ್ಕೆ ಎಳೆದರೆ ಕ್ಯಾಮೆರಾಗೆ ಏನೂ ಉಳಿಯುವುದಿಲ್ಲ. ಕ್ಲಾಸಿನಲ್ಲಿ ತೋರಿಸಲು ಡಿವಿಡಿ ಸಾಕು. ತಾರಸಿಗೆ ಸಾಲದು.

ಬೆಲೆಯ ವಿಷಯ. ಸಾಗಣೆ, ಕಸ್ಟಮ್ಸ್ ಎಲ್ಲ ಸೇರಿ ಕೈಗೆ ಬರುವ ಹೊತ್ತಿಗೆ ಒಂದು ಸಾಧಾರಣ ಸ್ಮಾರ್ಟ್‌ಫೋನಿನಷ್ಟು ಖರ್ಚಾಯಿತು. ನಾನು ತರಿಸಿದ ಆನ್‌ಲೈನ್ ಅಂಗಡಿಯ ಹೆಸರು ಹೇಳುವುದಿಲ್ಲ. ಸ್ಟಾಕ್ ಇದೆ ಅಂತ ದುಡ್ಡು ಕಟ್ಟಿಸಿಕೊಂಡರು. ಆಮೇಲೆ ನೋಡಿದರೆ ಸ್ಟಾಕ್ ಇರಲಿಲ್ಲ. ಫೋನ್ ಮಾಡಿದಾಗಲೆಲ್ಲ ‘ಮುಂದಿನ ವಾರ ಮೇಡಮ್’. ಆ ಮುಂದಿನ ವಾರ ಬರುವಷ್ಟರಲ್ಲಿ ಓರಾಯನ್ ಪಶ್ಚಿಮಕ್ಕೆ ಇಳಿದಿತ್ತು. ದುಡ್ಡು ಕಟ್ಟುವ ಮುಂಚೆ ಡಬ್ಬಿಯ ಫೋಟೋ ಕಳಿಸಿ ಅಂತ ಕೇಳಿ. ನಾಚಿಕೆ ಬೇಡ.

ಬಿಲ್ಲೆ ಒಂದೇ ಇದ್ದರೆ ಸಾಲದು. ಗ್ರೇಟಿಂಗಿಗೂ ಕ್ಯಾಮೆರಾ ಸೆನ್ಸರಿಗೂ ನಡುವೆ ತಕ್ಕ ದೂರ ಬೇಕು. ದೂರ ಹೆಚ್ಚಾದಷ್ಟೂ ಪಟ್ಟಿ ಉದ್ದ. ನನಗೆ 50 ಮಿಲಿಮೀಟರ್ ಬೇಕಿತ್ತು. ಅದಕ್ಕೊಂದು ಅಲ್ಯೂಮಿನಿಯಂ ಉಂಗುರ ಮಾಡಿಸಲು ಕಾಮಾಕ್ಷಿಪಾಳ್ಯದ ಲೇತ್ ಅಂಗಡಿಗೆ ಹೋದೆ. ಅಳತೆಯ ಚೀಟಿ ನೋಡಿ ಅಂಗಡಿಯವರು, “ಮೇಡಮ್, ಇದು ಯಾವ ಗಾಡೀದು?” ಅಂದರು.

“ಗಾಡೀದಲ್ಲ ಅಣ್ಣ, ಟೆಲಿಸ್ಕೋಪಿಗೆ. 28.5 ವ್ಯಾಸ, 0.6 ಪಿಚ್ಚು.”

“0.6 ಪಿಚ್ಚಾ? ಇಷ್ಟು ಸಣ್ಣ ಥ್ರೆಡ್ಡು ಯಾರೂ ಕೇಳಲ್ಲ. ಗಿಯರ್ ಬದಲಾಯಿಸಬೇಕು. ನಾಳೆ ಬನ್ನಿ.”

ನಾಳೆ ಅಂದರೆ ನಾಳೆಯೇ ಕೊಟ್ಟರು. ಥ್ರೆಡ್ಡು ಬೆಣ್ಣೆಯ ಹಾಗೆ ಕೂತಿತು. ಒಳಮೈಗೆ ಕಪ್ಪು ಬಳಿಯಬೇಕು ಅಂದಾಗ ಯಾಕೆ ಅಂತ ಕೇಳಿ, ನಾನು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡು, ಮ್ಯಾಟ್ ಪೇಂಟ್ ತಾವೇ ಹೊಡೆದರು. ಈ ಇಡೀ ಯೋಜನೆಯಲ್ಲಿ ನಾನು ಪೂರ್ತಿ ಅಂಕ ಕೊಡುವುದು ಆ ಲೇತ್ ಅಂಗಡಿಗೆ. ಇಂಥ ಉಂಗುರಗಳು ರೆಡಿಮೇಡ್ ಕೂಡ ಸಿಗುತ್ತವೆ. ಲೇತ್ ಹತ್ತಿರ ಇಲ್ಲದವರು ಜೊತೆಗೇ ತರಿಸಿಕೊಳ್ಳಿ. ಕನ್ನಡಿ ಟೆಲಿಸ್ಕೋಪ್ ಇರುವವರಿಗೆ ಇನ್ನೊಂದು ಮಾತು. ಉಂಗುರ ಸೇರಿಸಿದಾಗ ಕ್ಯಾಮೆರಾ ಹೊರಕ್ಕೆ ಹೋಗುತ್ತದೆ, ಫೋಕಸರನ್ನು ಅಷ್ಟು ಒಳಕ್ಕೆ ತಳ್ಳಬೇಕಾಗುತ್ತದೆ. ಕೆಲವು ಟೆಲಿಸ್ಕೋಪುಗಳಲ್ಲಿ ಅಷ್ಟು ಜಾಗ ಇರುವುದಿಲ್ಲ. ಮೊದಲೇ ಅಳೆದು ನೋಡಿ.

ಟೆಲಿಸ್ಕೋಪೇ ಇಲ್ಲದವರು ಇದನ್ನು ಕ್ಯಾಮೆರಾ ಲೆನ್ಸಿನ ಮುಂದೆ ಸಿಕ್ಕಿಸಿ ಟ್ರೈಪಾಡ್ ಮೇಲೆ ಇಡಬಹುದು. ಭೂಮಿ ತಿರುಗುವುದರಿಂದ ನಕ್ಷತ್ರ ಜಾರುತ್ತದಲ್ಲ, ಆ ಜಾರುವ ದಿಕ್ಕಿಗೆ ಪಟ್ಟಿ ಅಡ್ಡಲಾಗಿ ಬರುವಂತೆ ತಿರುಗಿಸಿ. ಸಣ್ಣ ದಾರದಂತಿರುವ ಪಟ್ಟಿ ತಾನೇ ಅಗಲವಾಗಿ, ಅದರಲ್ಲಿನ ಕಪ್ಪು ಗೆರೆಗಳು (ನಕ್ಷತ್ರದ ಅನಿಲ ಬೆಳಕನ್ನು ನುಂಗಿದ ಜಾಗಗಳು) ಎದ್ದು ಕಾಣುತ್ತವೆ. ಪುಕ್ಕಟೆ ಉಪಾಯ, ಚೆನ್ನಾಗಿ ಕೆಲಸ ಮಾಡುತ್ತದೆ.

ಮೊದಲು ತಿರುಗಿಸಿದ್ದು ಲುಬ್ಧಕದ ಕಡೆ. ಎಲ್ಲರೂ ಹಾಗೇ ಮಾಡುತ್ತಾರೆ, ಮಾಡಲೇಬೇಕು. ಅದು ಸುಮಾರು 9,900 ಕೆಲ್ವಿನ್‌ನ ಬಿಸಿ ನಕ್ಷತ್ರ. ಅದರಲ್ಲಿ ಹೈಡ್ರೋಜನ್ ಗೆರೆಗಳು ಬಿಟ್ಟರೆ ಜಾಸ್ತಿ ಗಲಾಟೆ ಇಲ್ಲ. ಕಂಪ್ಯೂಟರ್ ಪರದೆಯ ಮೇಲೆ ಪಟ್ಟಿಯಲ್ಲಿ ಕಪ್ಪು ಕಚ್ಚುಗಳು ಸ್ಪಷ್ಟವಾಗಿ ಬಿದ್ದಿದ್ದವು. ಹಸಿರು-ನೀಲಿಯಲ್ಲಿ 486.1 ನ್ಯಾನೋಮೀಟರ್, ನೇರಳೆಯಲ್ಲಿ 434.0, ಕೆಂಪಿನಲ್ಲಿ 656.3. ಬಾಮರ್ ಸರಣಿ. ಪ್ರತಿ ವರ್ಷ ಸೆಕೆಂಡ್ ಪಿಯು ಮಕ್ಕಳಿಗೆ ಬೋರ್ಡ್ ಮೇಲೆ ಬರೆದು ಬರೆದು ಬೇಜಾರು ಬಂದಿದ್ದ ಸೂತ್ರ. ಅದೇ ಸಂಖ್ಯೆಗಳು 8.6 ಜ್ಯೋತಿರ್ವರ್ಷ ದೂರದಿಂದ ಬಂದು ನನ್ನ ತಾರಸಿಯಲ್ಲಿ ಸರಿಯಾದ ಜಾಗದಲ್ಲಿ ಕೂತಿದ್ದವು.

ಅಳತೆಗೂ ಈ ಗೆರೆಗಳೇ ಆಧಾರ. ನನ್ನ ಸೆನ್ಸರಿನ ಪಿಕ್ಸೆಲ್ 3.75 ಮೈಕ್ರಾನ್, ದೂರ 50 ಮಿಲಿಮೀಟರ್. ಹಾಗಾಗಿ ಒಂದು ಪಿಕ್ಸೆಲಿಗೆ 0.75 ನ್ಯಾನೋಮೀಟರ್. ನಕ್ಷತ್ರದ ಚುಕ್ಕೆಯಿಂದ ಸುಮಾರು 650 ಪಿಕ್ಸೆಲ್ ಆಚೆ 486.1ರ ಗೆರೆ, 875ರ ಹತ್ತಿರ ಕೆಂಪು ಗೆರೆ. 1,280 ಪಿಕ್ಸೆಲ್ ಅಗಲದ ಸೆನ್ಸರಿನಲ್ಲಿ ಚುಕ್ಕೆ, ಪಟ್ಟಿ ಎರಡೂ ಹಿಡಿಸುತ್ತವೆ. ಈ 0.75 ಅನ್ನುವ ಸಂಖ್ಯೆ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಲುಬ್ಧಕ ಆದಮೇಲೆ ಸುಮ್ನೆ ಒಂದರ ಹಿಂದೆ ಒಂದು ನೋಡುತ್ತಾ ಹೋದೆ. ಬ್ರಹ್ಮಹೃದಯದಲ್ಲಿ ಹೈಡ್ರೋಜನ್ ಗೆರೆ ಸೊರಗುತ್ತದೆ, ಲೋಹಗಳ ಕಚ್ಚುಗಳು ಶುರುವಾಗುತ್ತವೆ. ರೋಹಿಣಿಯಲ್ಲಿ ನೀಲಿ ಭಾಗವೇ ಕುಸಿದಿದೆ. ಆರಿದ್ರಾ ಅಂತೂ ಬೇರೆಯೇ ಲೋಕ. ಮಳೆಗೆ ಹೆಸರು ಕೊಟ್ಟ ಈ ನಕ್ಷತ್ರದ ಪಟ್ಟಿಯಲ್ಲಿ ಟೈಟಾನಿಯಂ ಆಕ್ಸೈಡ್ ಅಣುಗಳು ಅಗಲಗಲ ಹಳ್ಳ ತೋಡಿವೆ. ಅಣು ಒಡೆಯದೆ ಉಳಿಯುವಷ್ಟು ತಂಪು ಮೇಲ್ಮೈ ಅದರದು. ಇದನ್ನು ನೋಡಲು ಯಾವ ತರಬೇತಿಯೂ ಬೇಡ. ಮನೆ ಓನರ್ ಆಂಟಿ ಬಟ್ಟೆ ತೆಗೆಯಲು ಬಂದವರು ಲ್ಯಾಪ್‌ಟಾಪ್ ನೋಡಿ, “ಏನಮ್ಮಾ ಇದು, ಒಂದು ನುಣ್ಣಗಿದೆ, ಒಂದು ಇಲಿ ಕಡಿದ ಹಾಗಿದೆ?” ಅಂದರು. ನುಣ್ಣಗಿದ್ದದ್ದು ಲುಬ್ಧಕ, ಇಲಿ ಕಡಿದದ್ದು ಆರಿದ್ರಾ. ನಕ್ಷತ್ರಗಳ ವರ್ಗೀಕರಣದ ಮೊದಲ ಪಾಠ ಅಷ್ಟೇ, ಆಂಟಿ ಪಾಸು.

ಗ್ರಹ ಹುಡುಕುವವರ ಕೆಲಸವೂ ಇಂಥ ವಿಂಗಡಣೆಯಿಂದಲೇ ಶುರುವಾಗುತ್ತದೆ. ಗ್ರಹ ಸುತ್ತುವಾಗ ನಕ್ಷತ್ರ ಒಂಚೂರು ಓಲಾಡುತ್ತದೆ. ಆಗ ಅದರ ಗೆರೆಗಳು ಕೂದಲೆಳೆಯಷ್ಟು ಸರಿಯುತ್ತವೆ. ಸರಿದದ್ದು ಗೊತ್ತಾಗಬೇಕಾದರೆ ಗೆರೆಗಳು ಚೂಪಾಗಿರಬೇಕು, ತುಂಬಾ ಇರಬೇಕು. ಲುಬ್ಧಕದಂಥ ಬಿಸಿ ನಕ್ಷತ್ರಗಳಲ್ಲಿ ಗೆರೆಗಳೇ ಕಡಿಮೆ. ಸಾಲದ್ದಕ್ಕೆ ಆ ಜಾತಿಯ ಎಷ್ಟೋ ನಕ್ಷತ್ರಗಳು ಗಿರ್ರನೆ ತಿರುಗುತ್ತವೆ. ಆಲ್ಟೇರ್, ಅಂದರೆ ನಮ್ಮ ಶ್ರವಣ, ಸೆಕೆಂಡಿಗೆ 200 ಕಿಲೋಮೀಟರಿಗೂ ಜಾಸ್ತಿ ವೇಗದಲ್ಲಿ ತಿರುಗುತ್ತದೆ. ಸೂರ್ಯನದು ಸುಮಾರು 2. ಅಷ್ಟು ವೇಗದಲ್ಲಿ ತಿರುಗಿದರೆ ಗೆರೆ ಕಲಸಿ ಹೋಗುತ್ತದೆ. ಅದಕ್ಕೇ ಇಂಥ ಸಮೀಕ್ಷೆಗಳ ಪಟ್ಟಿಯಲ್ಲಿ ಹೆಚ್ಚಾಗಿ ಸೂರ್ಯನಂಥವು, ಅದಕ್ಕಿಂತ ತಂಪಾದವು ಇರುತ್ತವೆ. ಈ ಮೊದಲ ಜರಡಿಯ ಕೆಲಸ ನನ್ನ ಬಿಲ್ಲೆಗೆ ಬರುತ್ತದೆ. ಬಿಸಿಯದ್ದನ್ನು ಆ ಕಡೆ, ತಂಪಿನದನ್ನು ಈ ಕಡೆ ಹಾಕುತ್ತದೆ.

ಅಲ್ಲಿಂದ ಮುಂದೆ ಇದಕ್ಕೆ ಉಸಿರು ಕಟ್ಟುತ್ತದೆ. ಹೇಗೆ ಅಂತ ತೋರಿಸಲು ಒಳ್ಳೆಯ ಜೋಡಿ ನಕ್ಷತ್ರಗಳಿವೆ. ಎಪ್ಸಿಲಾನ್ ಎರಿಡಾನಿ ಮತ್ತು ಟೌ ಸೀಟೈ. 1960ರಲ್ಲಿ ಫ್ರ್ಯಾಂಕ್ ಡ್ರೇಕ್ ಅಮೆರಿಕದ ಗ್ರೀನ್ ಬ್ಯಾಂಕಿನಲ್ಲಿ ರೇಡಿಯೋ ಆಂಟೆನಾ ತಿರುಗಿಸಿ ಅಲ್ಲಿ ಯಾರಾದರೂ ಮಾತಾಡುತ್ತಾರಾ ಅಂತ ಕೇಳಿಸಿಕೊಂಡದ್ದು ಈ ಎರಡು ನಕ್ಷತ್ರಗಳನ್ನೇ. ಒಂದು 10.5 ಜ್ಯೋತಿರ್ವರ್ಷ ದೂರ, ಇನ್ನೊಂದು ಸುಮಾರು 12. ಡಿಸೆಂಬರ್ ಸಂಜೆ ಬೆಂಗಳೂರಿನಿಂದ ಎರಡೂ ಚೆನ್ನಾಗಿ ಮೇಲೇರುತ್ತವೆ. ಓರಾಯನ್‌ನ ಕಾಲಲ್ಲಿರುವ ರೀಗೆಲ್‌ನಿಂದ ಹೆಚ್ಚುಕಡಿಮೆ ನೇರ ಪಶ್ಚಿಮಕ್ಕೆ ಹೋದರೆ ಎಪ್ಸಿಲಾನ್ ಎರಿಡಾನಿ. ಕಾಂತಿಮಾನ 3.7 (ಈ ಸಂಖ್ಯೆ ಹೆಚ್ಚಿದಷ್ಟೂ ನಕ್ಷತ್ರ ಮಂಕು). ವಿಜಯನಗರದ ಆಕಾಶದಲ್ಲಿ ಅದು ಕಂಡೂ ಕಾಣದ ಹಾಗೆ.

ಎರಡರ ಪಟ್ಟಿಯನ್ನೂ ಹಿಡಿದೆ. ಅಳತೆ ಸರಿಮಾಡಿ ಒಂದರ ಮೇಲೊಂದು ಇಟ್ಟೆ. ಹೆಚ್ಚುಕಡಿಮೆ ಒಂದೇ! ಒಂದು ಸುಮಾರು 5,100 ಕೆಲ್ವಿನ್, ಇನ್ನೊಂದು 5,300ರ ಆಸುಪಾಸು. ಎಪ್ಸಿಲಾನ್ ಎರಿಡಾನಿಯ ನೀಲಿ ಒಂಚೂರು ಕಡಿಮೆ ಅಂತ ಬೇಕಾದರೆ ಹೇಳಬಹುದು. ಅದೂ ನಮ್ಮೂರ ಧೂಳಿನದ್ದಿರಬಹುದು, ಯಾರಿಗೆ ಗೊತ್ತು.

ಆದರೆ ಗ್ರಹ ಹುಡುಕುವವರ ಪಾಲಿಗೆ ಇವೆರಡೂ ಅಜಗಜಾಂತರ. ಎಪ್ಸಿಲಾನ್ ಎರಿಡಾನಿ ಎಳೆಯದು. ವಯಸ್ಸು ನೂರು ಕೋಟಿ ವರ್ಷವೂ ಆಗಿಲ್ಲ. ಸುಮಾರು 11 ದಿನಕ್ಕೊಂದು ಸುತ್ತು ತಿರುಗುತ್ತದೆ, ಮೈತುಂಬಾ ಕಾಂತೀಯ ಗಲಾಟೆ, ಕಲೆಗಳು. ಕಲೆ ತಿರುಗಿ ಬಂದಾಗಲೆಲ್ಲ ಗೆರೆಯ ಆಕಾರ ಕೆಡುತ್ತದೆ, ಅದು ಓಲಾಟದ ಹಾಗೇ ಕಾಣುತ್ತದೆ. ಇದರ ಸುತ್ತ ಸುಮಾರು ಏಳು ವರ್ಷಕ್ಕೆ ಸುತ್ತುವ ಗ್ರಹವಿದೆ ಅಂತ 2000ದಲ್ಲಿ ಹೇಳಿದರು. ಅದು ನಿಜವಾ, ನಕ್ಷತ್ರದ ಚೇಷ್ಟೆಯಾ ಅಂತ ವರ್ಷಗಟ್ಟಲೆ ವಾದ ನಡೆಯಿತು. ಟೌ ಸೀಟೈ ವಯಸ್ಸಾದದ್ದು, ನಿಧಾನಸ್ಥ, ತಣ್ಣಗಿನ ಸ್ವಭಾವ. ಆದರೆ ಅದರಲ್ಲಿ ಕಬ್ಬಿಣ ಸೂರ್ಯನಲ್ಲಿರುವುದರ ಮೂರರಲ್ಲಿ ಒಂದು ಪಾಲಿನಷ್ಟು ಮಾತ್ರ. ಅದರ ಸುತ್ತ ಸಣ್ಣ ಗ್ರಹಗಳಿವೆ ಅಂತ 2012ರಲ್ಲೂ 2017ರಲ್ಲೂ ಪ್ರಕಟವಾಯಿತು. ಇನ್ನೂ ಖಾತ್ರಿಯಾಗಿಲ್ಲ.

ನಕ್ಷತ್ರದ ಗಲಾಟೆ ಅಳೆಯುವ ಹಳೆಯ ದಾರಿ ಕ್ಯಾಲ್ಸಿಯಂನ ಎರಡು ಗೆರೆಗಳು. ನೇರಳೆಯ ತುದಿಯಲ್ಲಿ 393.4 ಮತ್ತು 396.8 ನ್ಯಾನೋಮೀಟರ್. ಶಾಂತ ನಕ್ಷತ್ರದಲ್ಲಿ ಈ ಗೆರೆಗಳ ತಳ ಕತ್ತಲು. ಗಲಾಟೆಯ ನಕ್ಷತ್ರದಲ್ಲಿ ಆ ಕತ್ತಲ ನಡುವೆ ಸಣ್ಣದೊಂದು ಬೆಳಕಿನ ಮೊನೆ ಏಳುತ್ತದೆ. ಖಗೋಳವಿಜ್ಞಾನಿ ಓಲಿನ್ ವಿಲ್ಸನ್ 1966ರಲ್ಲಿ ಅಮೆರಿಕದ ಮೌಂಟ್ ವಿಲ್ಸನ್ ವೀಕ್ಷಣಾಲಯದಲ್ಲಿ ಇದನ್ನು ನಿಯಮಿತವಾಗಿ ಅಳೆಯಲು ಶುರುಮಾಡಿದರು. ಆ ಕೆಲಸ ದಶಕಗಟ್ಟಲೆ ನಡೆಯಿತು. ಅಲ್ಲಿ ಆ ಮೊನೆಯನ್ನು ಅಳೆಯುವ ಕಿಂಡಿಯ ಅಗಲ ಸುಮಾರು 0.11 ನ್ಯಾನೋಮೀಟರ್. ನನ್ನದು ಪಿಕ್ಸೆಲಿಗೆ 0.75. ಅಂಥ ಏಳು ಕಿಂಡಿ ನನ್ನ ಒಂದೇ ಪಿಕ್ಸೆಲಿನಲ್ಲಿ ಮುಳುಗಿಹೋಗುತ್ತವೆ. ನಿಜದಲ್ಲಿ ಇನ್ನೂ ಕೆಟ್ಟದು. ಬೆಳಕು ಒಳಬರುವ ಕಡೆ ಸಣ್ಣ ಕಿಂಡಿ (ಸ್ಲಿಟ್) ಇಲ್ಲದ ಗ್ರೇಟಿಂಗ್ ಆದ್ದರಿಂದ ನಕ್ಷತ್ರದ ಚುಕ್ಕೆ ಎಷ್ಟು ದಪ್ಪವೋ ಗೆರೆಯೂ ಅಷ್ಟು ದಪ್ಪ. ಗಾಳಿ ನಡುಗಿದರೆ ಇನ್ನೂ ದಪ್ಪ. ನನ್ನ ಪಟ್ಟಿಯಲ್ಲಿ ಆ ಎರಡು ಗೆರೆಗಳೇ ಒಂದಾಗಿ 395ರ ಹತ್ತಿರ ಒಂದು ತಗ್ಗು, ಅಷ್ಟೇ.

ಓಲಾಟದ ಲೆಕ್ಕ ಹಾಕಿದರೆ ಇನ್ನೂ ನಗು ಬರುತ್ತದೆ. 1995ರಲ್ಲಿ ಮಿಶೆಲ್ ಮೇಯರ್ ಮತ್ತು ಡಿಡಿಯೆ ಕೆಲೋಜ್ ಕಂಡುಹಿಡಿದ 51 ಪೆಗಾಸಿಯ ಗ್ರಹ ತನ್ನ ನಕ್ಷತ್ರವನ್ನು ಸೆಕೆಂಡಿಗೆ ಸುಮಾರು 56 ಮೀಟರ್ ವೇಗದಲ್ಲಿ ಹಿಂದೆಮುಂದೆ ಎಳೆಯುತ್ತದೆ. ಅದಕ್ಕೇ ಅವರಿಗೆ 2019ರ ನೊಬೆಲ್. 600 ನ್ಯಾನೋಮೀಟರಿನ ಗೆರೆ ಅಷ್ಟು ವೇಗಕ್ಕೆ ಸರಿಯುವುದು 0.0001 ನ್ಯಾನೋಮೀಟರಿಗಿಂತ ತುಸು ಜಾಸ್ತಿ. ನನ್ನ ಒಂದು ಪಿಕ್ಸೆಲಿನ ಸುಮಾರು 6,700ರಲ್ಲಿ ಒಂದು ಪಾಲು. ಭೂಮಿಯಂಥದ್ದು ಸೂರ್ಯನನ್ನು ಎಳೆಯುವುದು ಸೆಕೆಂಡಿಗೆ 9 ಸೆಂಟಿಮೀಟರ್. ಬಿಡಿ, ಅದರ ಮಾತು ಬೇಡ.

ಒಬ್ಬ ಹುಡುಗಿ ಕ್ಲಾಸಿನಲ್ಲಿ ಕೇಳಿದಳು, “ಮ್ಯಾಮ್, ಬೆಳಕು ಮಂಕಾಗೋದು ನೋಡಿನೂ ಗ್ರಹ ಹಿಡೀತಾರಲ್ಲ, ಅದಕ್ಕೆ ಸ್ಪೆಕ್ಟ್ರಮ್ ಯಾಕೆ ಬೇಕು?” ಒಳ್ಳೆಯ ಪ್ರಶ್ನೆ. ಬೆಳಕು ಶೇಕಡಾ 1ರಷ್ಟು ಮಂಕಾಯಿತು ಅಂತಿಟ್ಟುಕೊಳ್ಳಿ. ಅಂದರೆ ಅಡ್ಡ ಬಂದದ್ದರ ತ್ರಿಜ್ಯ ನಕ್ಷತ್ರದ ಹತ್ತರಲ್ಲಿ ಒಂದು. ನಕ್ಷತ್ರ ಸೂರ್ಯನಷ್ಟಿದ್ದರೆ ಅದು ಗುರುವಿನಷ್ಟು ಗ್ರಹ. ನಕ್ಷತ್ರ ಉಬ್ಬಿ ಸೂರ್ಯನ ಐದರಷ್ಟಾಗಿದ್ದರೆ? ಅಡ್ಡ ಬಂದದ್ದು ಅರ್ಧ ಸೂರ್ಯನಷ್ಟಾಯಿತು. ಅದು ಗ್ರಹವೇ ಅಲ್ಲ, ಇನ್ನೊಂದು ಸಣ್ಣ ನಕ್ಷತ್ರ. ಬಣ್ಣ ನೋಡಿ ಇದನ್ನು ಹೇಳುವುದು ಕಷ್ಟ. ಗೆರೆಗಳನ್ನು ಬಿಡಿಸಿ ನೋಡಿದರೆ ಹೇಳಬಹುದು. ಉಬ್ಬಿದ ನಕ್ಷತ್ರದ ಹೊರಪದರ ತೆಳು, ಒತ್ತಡ ಕಡಿಮೆ. 517 ನ್ಯಾನೋಮೀಟರಿನ ಹತ್ತಿರ ಮೆಗ್ನೀಸಿಯಂನ ಮೂರು ಗೆರೆಗಳಿವೆಯಲ್ಲ, ಅವುಗಳ ರೆಕ್ಕೆ, ಅಂದರೆ ಗೆರೆಯ ಎರಡೂ ಬದಿಯ ಹರಡಿದ ಅಂಚು, ಕುಗ್ಗಿರುತ್ತದೆ. ಆ ಮೂರೂ ನನ್ನ ಪಟ್ಟಿಯಲ್ಲಿ ಒಂದೇ ಮಸುಕು.

ಇದು ಬರೀ ಪಾಠದ ಉದಾಹರಣೆಯಲ್ಲ. 2009ರಲ್ಲಿ ಹಾರಿದ ಕೆಪ್ಲರ್ ದೂರದರ್ಶಕ ಸಾವಿರಾರು ಗ್ರಹಗಳ ಸುಳಿವು ಕೊಟ್ಟಿತು. ಆದರೆ ಮೊದಮೊದಲು ಆ ನಕ್ಷತ್ರಗಳ ಗಾತ್ರ ಬಹುಪಾಲು ಬಣ್ಣ ನೋಡಿ ಹಾಕಿದ ಅಂದಾಜು. ನಕ್ಷತ್ರದ ಗಾತ್ರ ಎಷ್ಟು ಏರುಪೇರೋ ಗ್ರಹದ ಗಾತ್ರವೂ ಅಷ್ಟೇ ಏರುಪೇರು. ಆಮೇಲೆ ಹವಾಯಿಯ ಕೆಕ್ ಟೆಲಿಸ್ಕೋಪಿನಲ್ಲಿ 1,305 ನಕ್ಷತ್ರಗಳ ಸ್ಪೆಕ್ಟ್ರಮ್ ಒಂದೊಂದಾಗಿ ತೆಗೆದರು. 2017ರಲ್ಲಿ ಫಲಿತಾಂಶ ಬಂತು. ನಕ್ಷತ್ರದ ಗಾತ್ರ ಸರಿಹೋದ ತಕ್ಷಣ ಗ್ರಹಗಳ ರಾಶಿಯ ನಡುವೆ ಒಂದು ಖಾಲಿ ಜಾಗ ಕಾಣಿಸಿತು. ಭೂಮಿಯ ಒಂದೂವರೆಯಿಂದ ಎರಡರಷ್ಟು ತ್ರಿಜ್ಯದ ಗ್ರಹಗಳು ವಿರಳ. ಅದಕ್ಕಿಂತ ಸಣ್ಣವು ಕಲ್ಲು, ದೊಡ್ಡವು ಅನಿಲದ ಹೊದಿಕೆಯವು, ನಡುವಿನವು ಹೊದಿಕೆ ಕಳೆದುಕೊಂಡು ಸಣ್ಣವಾಗಿವೆ ಅಂತ ವಿವರಣೆ. ಹೊಸ ಗ್ರಹ ಒಂದೂ ಸೇರಿಸದೆ, ನಕ್ಷತ್ರಗಳನ್ನು ಮತ್ತೆ ಅಳೆದೇ ಇದು ಸಿಕ್ಕಿದ್ದು.

ಇನ್ನು ಲೋಹದ ಕಥೆ. ಡೆಬ್ರಾ ಫಿಷರ್ ಮತ್ತು ಜೆಫ್ ವ್ಯಾಲೆಂಟಿ 2005ರಲ್ಲಿ ಸಾವಿರಕ್ಕೂ ಹೆಚ್ಚು ನಕ್ಷತ್ರಗಳ ಸ್ಪೆಕ್ಟ್ರಮ್ ನೋಡಿ ಒಂದು ಮಾತು ಗಟ್ಟಿ ಮಾಡಿದರು. ಕಬ್ಬಿಣ ಸೂರ್ಯನಿಗಿಂತ ಕಡಿಮೆ ಇರುವ ನಕ್ಷತ್ರಗಳಲ್ಲಿ ಶೇಕಡಾ 3ಕ್ಕಿಂತ ಕಡಿಮೆ ನಕ್ಷತ್ರಗಳಿಗೆ ಗುರುವಿನಂಥ ಗ್ರಹ ಸಿಕ್ಕಿದೆ. ಸೂರ್ಯನ ಎರಡರಷ್ಟು ಕಬ್ಬಿಣ ಇರುವವುಗಳಲ್ಲಿ ಸುಮಾರು ಶೇಕಡಾ 25. ಅದೇ ಕಾಲಕ್ಕೆ ಎನ್‌2ಕೆ ಅನ್ನುವ ಸಮೀಕ್ಷೆ ಇದನ್ನೇ ಬಂಡವಾಳ ಮಾಡಿಕೊಂಡು ಲೋಹ ಜಾಸ್ತಿ ಇರುವ ನಕ್ಷತ್ರಗಳನ್ನೇ ಹೆಕ್ಕಿ ನೋಡಿತು. ಅಲ್ಲಿ ಸಿಕ್ಕವುಗಳಲ್ಲಿ ಒಂದು ಎಚ್‌ಡಿ 86081ರ ಗ್ರಹ. ಎರಡು ದಿನ ಚಿಲ್ಲರೆಯಲ್ಲಿ ಒಂದು ಸುತ್ತು ಮುಗಿಸುತ್ತದೆ. 2019ರಲ್ಲಿ ಭಾರತ ಹೆಸರಿಟ್ಟ ನಕ್ಷತ್ರ ಇದೇ. ನಕ್ಷತ್ರಕ್ಕೆ ಬಿಭಾ, ಭೌತವಿಜ್ಞಾನಿ ಬಿಭಾ ಚೌಧುರಿ ನೆನಪಿಗೆ. ಗ್ರಹಕ್ಕೆ ಸಂತಮಸ. ಲೋಹ ನೋಡಿ ಆರಿಸದೇ ಹೋಗಿದ್ದರೆ ನಾವು ಹೆಸರಿಡಲು ಬೇರೆ ನಕ್ಷತ್ರ ಹುಡುಕಬೇಕಿತ್ತೇನೋ. ಬಿಭಾ ಬರಿಗಣ್ಣಿಗೆ ಕಾಣುವುದಿಲ್ಲ. ನನ್ನ ಸಾಮಾನಿಗೂ ತೀರಾ ಮಂಕು.

ಇಷ್ಟೆಲ್ಲ ಆದಮೇಲೆ ದೊಡ್ಡವರ ಸಾಮಾನಿನ ಸಂಖ್ಯೆಗಳು ಬೇರೆಯೇ ಥರ ಕಾಣುತ್ತವೆ. ಗ್ರಹ ಹುಡುಕುವ ಚಿಲಿಯ ಹಾರ್ಪ್ಸ್ ಉಪಕರಣದ ರೆಸಲ್ಯೂಷನ್, ಅಂದರೆ ಗೆರೆಗಳನ್ನು ಎಷ್ಟು ಸೂಕ್ಷ್ಮವಾಗಿ ಬಿಡಿಸುತ್ತದೆ ಅನ್ನುವ ಅಳತೆ, 1,15,000. ನಮ್ಮ ಹಾನ್ಲೆಯ ಎಶೆಲ್ ಸ್ಪೆಕ್ಟ್ರೋಗ್ರಾಫಿನದು 30,000 ಮತ್ತು 60,000. ನನ್ನ ಬಿಲ್ಲೆಯದು ನೂರರ ಆಸುಪಾಸು. ಹಾನ್ಲೆ ಇರುವುದು ಲಡಾಖಿನಲ್ಲಿ, 4,500 ಮೀಟರ್ ಎತ್ತರದಲ್ಲಿ. ಆದರೆ ಆ 2 ಮೀಟರ್ ಟೆಲಿಸ್ಕೋಪನ್ನು ನಡೆಸುವುದು ನಮ್ಮ ಹೊಸಕೋಟೆಯಿಂದ, ಉಪಗ್ರಹದ ಸಂಪರ್ಕದ ಮೂಲಕ. ಚಳಿ ಅಲ್ಲಿ, ಕಾಫಿ ಇಲ್ಲಿ. ಅದನ್ನು ನಡೆಸುವ ಭಾರತೀಯ ಖಭೌತ ಸಂಸ್ಥೆ ಇರುವುದು ಕೋರಮಂಗಲದಲ್ಲಿ. ಕೋರಮಂಗಲ ಅಂದರೆ ಟ್ರಾಫಿಕ್ ಜಾಮ್ ಒಂದೇ ನೆನಪಾಗುವವರಿಗೆ ಇದನ್ನು ಹೇಳುತ್ತಿರುತ್ತೇನೆ. ಮೌಂಟ್ ಅಬುವಿನಲ್ಲಿ ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ಪಾರಸ್ ಅನ್ನುವ ಸ್ಪೆಕ್ಟ್ರೋಗ್ರಾಫ್ ಇದೆ. ಬರೀ 1.2 ಮೀಟರ್ ಟೆಲಿಸ್ಕೋಪಿಗೆ ಜೋಡಿಸಿದ ಆ ಉಪಕರಣದಿಂದ 2018ರಲ್ಲಿ ಭೂಮಿಯ ಸುಮಾರು 27 ಪಟ್ಟು ತೂಕದ ಗ್ರಹವೊಂದನ್ನು ಅಳೆದರು. ಆ 27 ಕೂಡ ನಿಂತಿರುವುದು ನಕ್ಷತ್ರದ ತೂಕ ಇಷ್ಟು ಅನ್ನುವ ಲೆಕ್ಕದ ಮೇಲೆ.

ಮತ್ತೆ ನಮ್ಮ ವಸ್ತುವಿಗೆ ಬರೋಣ. ಬಳಸುವಾಗ ಗಮನಿಸಬೇಕಾದ್ದು ಒಂದಿಷ್ಟಿದೆ. ಫೋಕಸ್ ಮಾಡುವಾಗ ಚುಕ್ಕೆಯನ್ನು ನೋಡಬೇಡಿ, ಗೆರೆಗಳನ್ನು ನೋಡಿ. ಚುಕ್ಕೆ ಚೂಪಾದಾಗ ಗೆರೆ ಮಸುಕಿರುತ್ತದೆ. ಚುಕ್ಕೆ ಉರಿದುಹೋದರೂ ಪರವಾಗಿಲ್ಲ, ಪಟ್ಟಿ ಉರಿಯಬಾರದು. ಕಾಣುವ ಕಚ್ಚುಗಳೆಲ್ಲ ನಕ್ಷತ್ರದ್ದಲ್ಲ. 687 ಮತ್ತು 760 ನ್ಯಾನೋಮೀಟರಿನ ಹತ್ತಿರ ಇರುವುದು ನಮ್ಮ ಗಾಳಿಯ ಆಮ್ಲಜನಕದ್ದು, ಯಾವ ನಕ್ಷತ್ರ ನೋಡಿದರೂ ಇರುತ್ತದೆ. ನಕ್ಷತ್ರದ ಪಟ್ಟಿಯ ಮೇಲೆ ಇನ್ನೊಂದು ನಕ್ಷತ್ರ ಬಂದು ಕೂರುವುದೂ ಉಂಟು. ಕ್ಯಾಮೆರಾ ಸಮೇತ ಒಂಚೂರು ತಿರುಗಿಸಿದರೆ ಸರಿಹೋಗುತ್ತದೆ.

ಸಾಫ್ಟ್‌ವೇರ್ ಬೇರೆ ಹಾಕಿಕೊಳ್ಳಬೇಕು. ಆರ್‌ಸ್ಪೆಕ್ ದುಡ್ಡಿನದು, ಹೊಸಬರಿಗೆ ಸುಲಭ. ಬಾಸ್ ಪ್ರಾಜೆಕ್ಟ್ ಪುಕ್ಕಟೆ, ಕಲಿಯಲು ತಾಳ್ಮೆ ಬೇಕು. ನಾನು ಪುಕ್ಕಟೆಯದ್ದರಲ್ಲೇ ನಿಂತೆ.

ಬೆಂಗಳೂರಿನ ಆಕಾಶದ ಬಗ್ಗೆ ಏನು ಹೇಳಲಿ. ಕಿಂಡಿ ಇಲ್ಲದ್ದರಿಂದ ಸುತ್ತಲ ಆಕಾಶದ ಬೆಳಕೆಲ್ಲ ಪಟ್ಟಿಯ ಮೇಲೆ ಮಂಜಿನಂತೆ ಹರಡುತ್ತದೆ. ಹಳೆಯ ಸೋಡಿಯಂ ದೀಪಗಳ ಹಳದಿ ಆದರೂ 589ರ ಆಸುಪಾಸಿನಲ್ಲಿ ಗುಂಪಾಗಿ ಇರುತ್ತಿತ್ತು. ಈಗಿನ ಎಲ್‌ಇಡಿ ಬೆಳಕು ನೀಲಿಯಿಂದ ಕೆಂಪಿನವರೆಗೆ ಎಲ್ಲ ಕಡೆ. ಪ್ರಕಾಶದ ನಕ್ಷತ್ರಗಳಿಗೆ ತೊಂದರೆ ಇಲ್ಲ. ಮಂಕಾದವುಗಳ ಆಸೆ ಬಿಡಿ, ಅಥವಾ ಊರಾಚೆ ಹೋಗಿ.

ಯಾರು ಕೊಳ್ಳಬಹುದು? ಫಿಸಿಕ್ಸ್ ಪಾಠ ಮಾಡುವವರು ಕಣ್ಣು ಮುಚ್ಚಿ ಕೊಳ್ಳಿ. ಕಾಲೇಜು ದುಡ್ಡು ಕೊಟ್ಟರೆ ಇನ್ನೂ ಒಳ್ಳೆಯದು, ನಮ್ಮಲ್ಲಿ ಫೈಲ್ ಇನ್ನೂ ಮೇಲೆ ಹೋಗುತ್ತಿದೆ. ಟೆಲಿಸ್ಕೋಪ್ ಕೊಂಡು ಚಂದ್ರ, ಶನಿ ನೋಡಿ ಮುಗಿಸಿ, ಮುಂದೇನು ಅಂತ ಕೂತವರೂ ಕೊಳ್ಳಿ. ಬರೀ ಚಂದದ ಫೋಟೋ ಬೇಕೆನ್ನುವವರಿಗೆ ಇದು ರುಚಿಸದು. ಗೆರೆಗಳನ್ನು ನಿಜವಾಗಿ ಬಿಡಿಸಿ ನೋಡುವ ಹಟ ಇರುವವರು ಇದರ ಅಣ್ಣ, 200 ಗೆರೆಯ ಮಾದರಿಗೆ ಹೋಗುವ ಬದಲು ದುಡ್ಡು ಕೂಡಿಟ್ಟು ಕಿಂಡಿ ಇರುವ ಸ್ಪೆಕ್ಟ್ರೋಗ್ರಾಫ್ ನೋಡಿ. ಆಲ್ಪಿ 600 ಅನ್ನುವುದರ ರೆಸಲ್ಯೂಷನ್ ಸುಮಾರು 600. ಬೆಲೆ ಕೇಳಿದರೆ ಮಾತ್ರ ಎದೆ ಝಲ್ಲೆನ್ನುತ್ತದೆ. 200ರ ಮಾದರಿ ಇರುವುದು ಗ್ರೇಟಿಂಗಿಗೂ ಸೆನ್ಸರಿಗೂ ದೂರ ಇಡಲು ಜಾಗವಿಲ್ಲದವರಿಗೆ.

ನನ್ನ ಅಂಕ ಐದಕ್ಕೆ ನಾಲ್ಕು. ಒಂದಂಕ ಕಳೆದದ್ದು ಬೆಲೆಗೆ. ಕೊಳ್ಳುವುದಾದರೆ ದಸರಾ ಮುಗಿಯುವಷ್ಟರಲ್ಲಿ ಆರ್ಡರ್ ಹಾಕಿ, ಡಿಸೆಂಬರಿನಿಂದ ಮಾರ್ಚ್‌ವರೆಗೆ ನಮ್ಮ ಆಕಾಶ ಚೆನ್ನಾಗಿರುತ್ತದೆ. ಜೂನಿನಲ್ಲಿ ತರಿಸಿದರೆ ಡಬ್ಬಿ ತೆಗೆದು ನೋಡಿ ಬೀರುವಿನಲ್ಲಿಡುವುದೇ ಕೆಲಸ. ಲೇತ್ ಅಂಗಡಿಯ ವಿಳಾಸ ಬೇಕಾದವರು ಕಾಮಾಕ್ಷಿಪಾಳ್ಯದಲ್ಲಿ ಯಾರನ್ನಾದರೂ ಕೇಳಿ, ಅಲ್ಲಿ ಬೀದಿಗೊಂದು ಇದೆ. 0.6 ಪಿಚ್ಚು ಅಂತ ಮರೆಯದೆ ಬರೆದುಕೊಡಿ.